ದುಡಿಮೆಯಲ್ಲಿ ಮನಸ್ಸಿನ ಹಾಜರಿ

ಶಾಲೆಯಾಗಲಿ, ಕಚೇರಿಯಾಗಲಿ, ಗಿರಣಿಯಾಗಲಿ, ಕೆಲಸದ ದಿನ ಆರಂಭವಾಗುವುದು ಹಾಜರಿಯಿಂದ. ಹೆಸರು ಕೂಗುತ್ತಾರೆ, ಬಂದವನು ಓಗೊಡುತ್ತಾನೆ, ಪುಸ್ತಕದಲ್ಲಿ ಒಂದು ಗುರುತು ಬೀಳುತ್ತದೆ. ಈಗ ಹಲವೆಡೆ ಬೆರಳೊತ್ತಿದರೆ ಯಂತ್ರವೇ ಆ ಗುರುತನ್ನು ಹಾಕಿಕೊಳ್ಳುತ್ತದೆ. ಹಾಜರಿ, ಗೈರುಹಾಜರಿ - ಇವೆರಡೂ ಅರಬಿ ಮೂಲದಿಂದ ಬಂದು ಕನ್ನಡದವೇ ಆಗಿಬಿಟ್ಟ ಪದಗಳು. ಅರಬಿಯಲ್ಲಿ ‘ಹಾಝಿರ್’ ಎಂದರೆ ಎದುರಿಗಿರುವವನು. ಅದೇ ಧಾತುವಿನಿಂದ ‘ಹುಝೂರ್’ ಎಂಬ ಪದವೂ ಬಂದಿದೆ. ನಮಾಝಿನ ಬಗ್ಗೆ ಬೋಧಿಸುವಾಗ ನಮ್ಮ ಉಲಮಾಗಳು ‘ಹುಝೂರೆ ಕಲ್ಬ್’ ಎನ್ನುತ್ತಾರೆ. ಅಂದರೆ ಹೃದಯದ ಹಾಜರಿ. ದೇಹ ಸಫ್‌ನಲ್ಲಿ ನಿಂತು ಮನಸ್ಸು ಸಂತೆಯಲ್ಲಿ ಅಲೆಯುತ್ತಿದ್ದರೆ ಆ ನಮಾಝಿಗೆ ಏನೋ ಕೊರತೆಯಿದೆ ಎಂಬುದನ್ನು ನಮ್ಮಲ್ಲಿ ಚಿಕ್ಕ ಮಕ್ಕಳೂ ಬಲ್ಲರು.

ಆದರೆ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಳ್ಳುವವರು ವಿರಳ. ದೇಹ ಅಂಗಡಿಯಲ್ಲಿದ್ದು ಮನಸ್ಸು ಮೊಬೈಲಿನಲ್ಲಿದ್ದರೆ ಆ ವ್ಯಾಪಾರಕ್ಕೆ ಏನು ಕೊರತೆ? ಕೈ ಹೊಲಿಗೆ ಯಂತ್ರದ ಮೇಲಿದ್ದು ಹೃದಯ ನೆರೆಮನೆಯ ಜಗಳದಲ್ಲಿದ್ದರೆ ಆ ಹೊಲಿಗೆಗೆ ಏನು ಕೊರತೆ? ಅದು ಬರೀ ಮನುಷ್ಯ ಸಹಜ ದೌರ್ಬಲ್ಯವೇ, ಅಥವಾ ನಾಳೆ ಪರಲೋಕದಲ್ಲಿ ವಿಚಾರಣೆಗೆ ಬರಬಹುದಾದ ವಿಷಯವೇ? ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ತುಸು ಸಾವಧಾನವಾಗಿ ಪರಿಶೀಲಿಸೋಣ.

ಯಾವುದು ಉದ್ಯೋಗಸ್ಥಳ?

ಇಂದು ‘ಮೈಂಡ್‌ಫುಲ್‌ನೆಸ್’ ಎಂಬ ಮಾತು ಬಹಳ ಕೇಳಿಬರುತ್ತಿದೆ. ಈ ಕ್ಷಣದಲ್ಲಿ, ಈ ಕೆಲಸದಲ್ಲಿ ಮನಸ್ಸನ್ನು ಪೂರ್ತಿಯಾಗಿ ನೆಲೆಗೊಳಿಸುವ ಅಭ್ಯಾಸವೇ ಅದು. ಬೌದ್ಧ ಧ್ಯಾನ ಪದ್ಧತಿಯಲ್ಲಿ ಅದಕ್ಕೆ ಬಹಳ ಹಳೆಯ ಬೇರುಗಳಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಝಿನ್ ಎಂಬವರು 1979ರಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಇದನ್ನು ಒಂದು ತರಬೇತಿಯಾಗಿ ರೂಪಿಸಿದರು. ಅದು ಎಂಟು ವಾರಗಳ ಪಾಠವಾಯಿತು. ಮುಂದೆ ಆಸ್ಪತ್ರೆಯಿಂದ ಹೊರಬಂದು ದೊಡ್ಡ ದೊಡ್ಡ ಕಂಪೆನಿಗಳನ್ನು ಪ್ರವೇಶಿಸಿತು. ಒತ್ತಡದಿಂದ ಬಳಲುವವರಿಗೆ ಅದರಿಂದ ನೆಮ್ಮದಿ ದೊರೆತಿದ್ದರೆ ಅದನ್ನು ಅಲ್ಲಗಳೆಯಬೇಕಾದ ಅಗತ್ಯ ನಮಗಿಲ್ಲ. ಮನಸ್ಸಿಗೆ ಶಾಂತಿ ಬೇಡವೆನ್ನುವವರು ಯಾರಿದ್ದಾರೆ?

ಆದರೆ ಉದ್ಯೋಗಸ್ಥಳ ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಬೆಂಗಳೂರಿನ ಗಾಜಿನ ಕಟ್ಟಡ. ಗೋವಿನಕೋವಿಯಂಥ ಊರಿನಲ್ಲಿ ಕುಳಿತು ನೋಡಿ. ನ್ಯಾಮತಿ, ಹೊನ್ನಾಳಿ, ಚನ್ನಗಿರಿಯ ಕಡೆ ಉದ್ಯೋಗಸ್ಥಳವೆಂದರೆ ಭತ್ತದ ಗದ್ದೆ, ಅಡಿಕೆ ತೋಟ, ಅಡಿಕೆ ಬೇಯಿಸಿ ಒಣಗಿಸುವ ಕಣ. ಜಗಳೂರಿನ ಕಡೆಗೆ ಹೋದರೆ ಮಳೆಯನ್ನೇ ನಂಬಿದ ಹೊಲ. ದಾವಣಗೆರೆ ಪೇಟೆಯಲ್ಲಾದರೆ ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಮಂಡಕ್ಕಿ ಭಟ್ಟಿ. ನಮ್ಮವರ ಗ್ಯಾರೇಜು, ಪಂಕ್ಚರ್ ಅಂಗಡಿ, ಹಣ್ಣಿನ ತಳ್ಳುಗಾಡಿ, ಗಾರೆ ಕೆಲಸ, ಗೂಡ್ಸ್ ಆಟೋ, ಟೈಲರಿಂಗ್ - ಇವೆಲ್ಲವೂ ಉದ್ಯೋಗಸ್ಥಳಗಳೇ. ನಮ್ಮ ತಾಯಂದಿರು ನಸುಕಿನಿಂದ ರಾತ್ರಿಯವರೆಗೂ ದುಡಿಯುವ ಅಡುಗೆಮನೆ ಇವೆಲ್ಲಕ್ಕಿಂತ ಹಳೆಯ ಉದ್ಯೋಗಸ್ಥಳ.

ಈ ಜಾಗಗಳಲ್ಲಿ ಮನಸ್ಸು ತಪ್ಪಿದರೆ ಆಗುವ ನಷ್ಟ ದುಡಿಯುವವನ ನೆಮ್ಮದಿಗಷ್ಟೇ ಸೀಮಿತವಲ್ಲ. ಚಕ್ರದ ನಟ್ಟನ್ನು ಪೂರ್ತಿ ಬಿಗಿಯದೆ ಬಿಟ್ಟ ಮೆಕ್ಯಾನಿಕನಿಗೆ ಅಂದು ರಾತ್ರಿ ಚೆನ್ನಾಗಿಯೇ ನಿದ್ರೆ ಬರಬಹುದು. ಅಪಾಯವಿರುವುದು ಆ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟವನಿಗೆ. ಅಡಿಕೆ ಕೊಯ್ಯುವ ಲೋಹದ ದೋಟಿ ವಿದ್ಯುತ್ ತಂತಿಗೆ ತಗುಲೀತೇ ಎಂದು ನೋಡಿ ಎಚ್ಚರಿಸಬೇಕಾದವನು ಒಂದು ಕ್ಷಣ ಮೈಮರೆತರೆ ಜೀವ ಹೋಗುವುದು ದೋಟಿ ಹಿಡಿದವನದು. ಹೀಗಿರುವಾಗ ಮನಸ್ಸಿನ ಹಾಜರಿಯನ್ನು ನಮ್ಮ ನಮ್ಮ ಶಾಂತಿಯ ಉಪಾಯವೆಂದಷ್ಟೇ ತಿಳಿದರೆ ಸಾಕೇ? ಅದು ಇನ್ನೊಬ್ಬನ ಹಕ್ಕಲ್ಲವೇ?

ಕವಚದ ಕೊಂಡಿಗಳು

ಪವಿತ್ರ ಕುರ್‌ಆನಿನ ‘ಸಬಾ’ ಅಧ್ಯಾಯದ 10 ಮತ್ತು 11ನೆಯ ಸೂಕ್ತಗಳನ್ನು ಗಮನವಿಟ್ಟು ಓದಿ ನೋಡಿ. ಅಲ್ಲಿ ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುವಾಗಿಸಿಕೊಟ್ಟ ವಿಷಯ ಬರುತ್ತದೆ. ಅವರು ಯುದ್ಧದಲ್ಲಿ ಧರಿಸುವ ಕವಚಗಳನ್ನು ತಯಾರಿಸುತ್ತಿದ್ದರು. ಮೈಮುಚ್ಚುವಂತೆ ಪೂರ್ಣವಾದ ಕವಚಗಳನ್ನು ಮಾಡಬೇಕು, ಅದರ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕು ಎಂದು ಅವರಿಗೆ ಆಜ್ಞೆಯಾಗುತ್ತದೆ. ಅದರ ಬೆನ್ನಿಗೇ ಸತ್ಕರ್ಮವೆಸಗುವ ಆದೇಶ ಬರುತ್ತದೆ, ಮತ್ತು ನೀವು ಮಾಡುತ್ತಿರುವುದನ್ನೆಲ್ಲ ಅಲ್ಲಾಹನು ನೋಡುತ್ತಿದ್ದಾನೆಂಬ ಎಚ್ಚರಿಕೆಯೊಂದಿಗೆ ಸೂಕ್ತ ಮುಗಿಯುತ್ತದೆ.

ಎಂಥ ಸೋಜಿಗ! ವಿಶ್ವದ ಒಡೆಯನು ತನ್ನ ಪ್ರವಾದಿಗೆ ಕಬ್ಬಿಣದ ಕೊಂಡಿಯ ಅಳತೆಯ ಬಗ್ಗೆ ಹೇಳುತ್ತಿದ್ದಾನೆ. ಕಮ್ಮಾರನ ಕೆಲಸದ ಸೂಕ್ಷ್ಮವೂ ಸತ್ಕರ್ಮದ ಆಜ್ಞೆಯೂ ಅಲ್ಲಾಹನ ದೃಷ್ಟಿಯೂ ಒಂದೇ ಸೂಕ್ತದಲ್ಲಿ ಸೇರಿವೆ. ಯಾಕೆ? ಕವಚದ ಒಂದು ಕೊಂಡಿ ಸಡಿಲವಾಗಿದ್ದರೆ ಅದು ಕಮ್ಮಾರನ ಕುಲುಮೆಯಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ರಣರಂಗದಲ್ಲಿ, ಅದನ್ನು ತೊಟ್ಟವನ ಎದೆಗೆ ಬಾಣ ತಗುಲಿದಾಗ. ಆಗ ಕಮ್ಮಾರ ಎಲ್ಲೋ ಇರುತ್ತಾನೆ. ಆ ಸಡಿಲ ಕೊಂಡಿಯನ್ನು ಹಾಕಿದ ಕ್ಷಣಕ್ಕೆ ಇರುವುದು ಒಬ್ಬನೇ ಸಾಕ್ಷಿ.

ನಮ್ಮ ಹೆಚ್ಚಿನ ಕೆಲಸಗಳೂ ಹೀಗೆಯೇ. ಗೋಡೆಯೊಳಗೆ ಹೋದ ವಯರಿಂಗ್, ಕಾಂಕ್ರೀಟಿನೊಳಗೆ ಮುಚ್ಚಿಹೋದ ಕಬ್ಬಿಣ, ಮಗುವಿನ ತಲೆಯೊಳಗೆ ಇಳಿದ ತಪ್ಪು ಪಾಠ - ಇವುಗಳ ಗುಣ ಮಾಡುವ ಹೊತ್ತಿಗೆ ಮಾಡಿದವನಿಗೆ ಮಾತ್ರ ಗೊತ್ತು. ಪಡೆದವನಿಗೆ ಗೊತ್ತಾಗುವಾಗ ತಡವಾಗಿರುತ್ತದೆ. ಜಿಬ್ರೀಲ್(ಅ)ರು ಮನುಷ್ಯರೂಪದಲ್ಲಿ ಬಂದು ಇಹ್ಸಾನ್ ಎಂದರೇನೆಂದು ಕೇಳಿದಾಗ ಪ್ರವಾದಿ(ಸ)ಯವರು ಕೊಟ್ಟ ಉತ್ತರ ನಿಮಗೆ ತಿಳಿದದ್ದೇ. ಅಲ್ಲಾಹನನ್ನು ಕಾಣುತ್ತಿರುವಂತೆ ಆರಾಧಿಸುವುದು, ನಾವು ಕಾಣದಿದ್ದರೂ ಅವನು ನಮ್ಮನ್ನು ಕಾಣುತ್ತಿದ್ದಾನೆಂಬ ಅರಿವಿನಲ್ಲಿರುವುದು. ಈ ಅರಿವನ್ನು ಸಜ್ದಾದ ಜಾಗದಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿ ಹೊರಬರುವವನಿಗೆ ‘ಸಬಾ’ ಅಧ್ಯಾಯದ ಈ ಸೂಕ್ತ ಕುಲುಮೆಯನ್ನು ತೋರಿಸುತ್ತದೆ. ಅಲ್ಲಿಯೂ ಅವನು ನೋಡುತ್ತಿದ್ದಾನೆ.

ಮರೆತವನು ಹೊಣೆಯೇ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಬೇಕೆಂದೇ ಮೋಸ ಮಾಡುವವನು ತಪ್ಪಿತಸ್ಥ, ಸರಿ. ಗೊತ್ತಿಲ್ಲದೆ, ಗಮನಕ್ಕೆ ಬಾರದೆ ಆದ ತಪ್ಪಿಗೆ ಮನುಷ್ಯ ಹೇಗೆ ಹೊಣೆಯಾದಾನು? ಕಾಣದ್ದನ್ನು ಕಾಣಲಿಲ್ಲವೆಂದು ದಂಡಿಸುವುದು ಯಾವ ನ್ಯಾಯ?

ಮೊದಲು ಮೋಸವನ್ನೇ ನೋಡೋಣ. ಪ್ರವಾದಿ(ಸ)ಯವರು ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈಯಿಟ್ಟರು. ಬೆರಳಿಗೆ ಒದ್ದೆ ತಗುಲಿತು. ವಿಚಾರಿಸಿದಾಗ ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಅವರು ಪ್ರಶ್ನಿಸಿದರು, ವಂಚಿಸುವವನು ತಮ್ಮವನಲ್ಲವೆಂದು ಸಾರಿದರು. ಇದು ಸಹೀಹ್ ಮುಸ್ಲಿಮ್‌ನ ವರದಿ. ಮೆಕ್ಕೆಜೋಳ ಬೆಳೆಯುವ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಬಲ ಬೆಲೆಯ ಖರೀದಿಯಲ್ಲಿ ಮೆಕ್ಕೆಜೋಳದ ತೇವ ಶೇ. 14ನ್ನು ಮೀರಬಾರದೆಂದು ನಿಯಮವಿರುವುದು ಸುಮ್ಮನಲ್ಲ. ಒದ್ದೆ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನಿಂದ ವಿಷ ಹುಟ್ಟುತ್ತದೆ, ಅದು ಕೋಳಿಯ ಮೇವಿಗೂ ಮನುಷ್ಯನ ಹೊಟ್ಟೆಗೂ ಹೋಗುತ್ತದೆ.

ಪ್ರವಾದಿ(ಸ)ಯವರು ಮಳೆಗಾಗಿ ವ್ಯಾಪಾರಿಯನ್ನು ದೂರಲಿಲ್ಲ. ಮಳೆ ಅವನ ಕೈಯಲ್ಲಿರಲಿಲ್ಲ. ಆದರೆ ಒದ್ದೆಯನ್ನು ಅಡಿಗೆ ಹಾಕುವುದು, ಮೇಲಕ್ಕೆ ಇಡುವುದು ಅವನ ಕೈಯಲ್ಲಿತ್ತು. ಈಗ ಇನ್ನೊಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಿ. ಅವನಿಗೆ ಒದ್ದೆಯಾದದ್ದೇ ಗೊತ್ತಿಲ್ಲ. ಯಾಕೆಂದರೆ ಅವನು ರಾಶಿಯೊಳಗೆ ಕೈಯಿಟ್ಟು ನೋಡಲೇ ಇಲ್ಲ. ಅವನು ವಂಚಕನಲ್ಲ, ನಿಜ. ಆದರೆ ಕೊಂಡವನ ಮನೆಯಲ್ಲಿ ಬೂಷ್ಟು ಹಿಡಿಯುವುದು ಎರಡೂ ಕಡೆ ಒಂದೇ.

ಇಸ್ಲಾಮೀ ಶರೀಅತ್ ಇಲ್ಲಿ ಬಹಳ ನಾಜೂಕಾದ ಗೆರೆಯೊಂದನ್ನು ಎಳೆದಿದೆ. ‘ಅಲ್ ಅಹ್ಝಾಬ್’ ಅಧ್ಯಾಯದ 5ನೆಯ ಸೂಕ್ತದ ಪ್ರಕಾರ ಅರಿಯದೆ ಆದ ತಪ್ಪಿಗೆ ದೋಷವಿಲ್ಲ, ಹೃದಯವು ಉದ್ದೇಶಪೂರ್ವಕ ಮಾಡಿದ್ದಕ್ಕೆ ದೋಷವಿದೆ. ಆದರೆ ‘ಅನ್ನಿಸಾ’ ಅಧ್ಯಾಯದ 92ನೆಯ ಸೂಕ್ತವನ್ನೂ ಓದಿ. ಒಬ್ಬನ ಕೈಯಿಂದ ಅಕಸ್ಮಾತ್ತಾಗಿ ಇನ್ನೊಬ್ಬನ ಪ್ರಾಣ ಹೋದರೆ ಅವನು ಕೊಲೆಗಾರನಲ್ಲ. ಆದರೂ ಮೃತನ ಮನೆಯವರಿಗೆ ಪರಿಹಾರ ಸಲ್ಲಬೇಕು. ಅವರು ಬಿಟ್ಟುಕೊಟ್ಟರೆ ಬೇರೆ ಮಾತು. ಜೊತೆಗೆ ಗುಲಾಮನೊಬ್ಬನನ್ನು ಬಿಡುಗಡೆ ಮಾಡುವ, ಅದಾಗದಿದ್ದರೆ ಎಡೆಬಿಡದೆ ಎರಡು ತಿಂಗಳು ಉಪವಾಸವಿರುವ ಪ್ರಾಯಶ್ಚಿತ್ತವೂ ಇದೆ. ಅಂದರೆ ಪಾಪ ಬೇರೆ, ಬಾಧ್ಯತೆ ಬೇರೆ. ನಿನ್ನ ಉದ್ದೇಶ ಶುದ್ಧವಾಗಿದ್ದರೆ ಪಾಪವು ನಿನ್ನ ಮೇಲಿಲ್ಲದಿರಬಹುದು. ಆದರೆ ನಿನ್ನ ಕೈಯಿಂದ ಹೋದ ಇನ್ನೊಬ್ಬನ ಹಕ್ಕು ನಿನ್ನ ಶುದ್ಧ ಉದ್ದೇಶದಿಂದ ಹಿಂದಿರುಗುವುದಿಲ್ಲ.

ಇವೆರಡರ ನಡುವೆ ಮೂರನೆಯದೊಂದಿದೆ. ನಾವು ಹೆಚ್ಚಾಗಿ ಸಿಲುಕುವುದು ಅದರಲ್ಲಿ. ಗಾಡಿ ಓಡಿಸುತ್ತ ಮೊಬೈಲು ನೋಡುವವನು ಯಾರನ್ನೂ ಕೊಲ್ಲಬೇಕೆಂದುಕೊಂಡಿರುವುದಿಲ್ಲ. ಎದುರು ಬಂದ ಸೈಕಲ್ಲಿನ ಹುಡುಗ ಅವನ ಕಣ್ಣಿಗೆ ಬೀಳಲಿಲ್ಲವೆಂಬುದೂ ಸತ್ಯವೇ. ಆದರೆ ಕಣ್ಣನ್ನು ರಸ್ತೆಯಿಂದ ತೆಗೆದವನು ಯಾರು? ಇದು ಮರೆವಲ್ಲ, ಮರೆವಿಗೆ ತಾನಾಗಿಯೇ ಬಾಗಿಲು ತೆರೆದದ್ದು. ಕಾಣಲಿಲ್ಲ ಎಂಬುದು ನೆಪವಾಗಬಹುದು, ನೋಡಲಿಲ್ಲ ಎಂಬುದು ನೆಪವಾಗಲಾರದು. ನೋಡುವುದು ನಮ್ಮ ಆಯ್ಕೆಯಲ್ಲಿತ್ತು. ನಾವು ಹೊಣೆಯಾಗುವುದು ಅದಕ್ಕೆ.

ಕೆಲಸದ ಸಜ್ದಾ ಸಹ್ವ್

ಹಾಗೆಂದು ಮನಸ್ಸು ಅಲೆದಾಡಿದ್ದಕ್ಕೆಲ್ಲ ಎದೆಗುಂದಬೇಕಾಗಿಲ್ಲ. ಮನಸ್ಸಿನಲ್ಲಿ ಹಾದುಹೋಗುವ ಯೋಚನೆಗಳನ್ನು ನುಡಿಗೂ ನಡೆಗೂ ಇಳಿಸದಿರುವವರೆಗೆ ಅಲ್ಲಾಹನು ಈ ಸಮುದಾಯಕ್ಕೆ ಮನ್ನಿಸಿದ್ದಾನೆಂದು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ ಹದೀಸ್ ತಿಳಿಸುತ್ತದೆ. ಸ್ವತಃ ಪ್ರವಾದಿ(ಸ)ಯವರು ಒಮ್ಮೆ ನಾಲ್ಕು ರಕ್‌ಅತ್‌ನ ನಮಾಝಿನಲ್ಲಿ ಎರಡಕ್ಕೇ ಸಲಾಮ್ ಹೇಳಿದರು. ಝುಲ್ ಯದೈನ್ ಎಂದು ಕರೆಯಲಾಗುತ್ತಿದ್ದ ಸಹಾಬಿಯೊಬ್ಬರು, ನಮಾಝ್ ಕಡಿಮೆ ಮಾಡಲಾಯಿತೇ ಅಥವಾ ತಾವು ಮರೆತಿರೇ ಎಂದು ಕೇಳಿದರು. ಪ್ರವಾದಿ(ಸ)ಯವರು ಕೇಳಿದವರ ಮೇಲೆ ಸಿಟ್ಟಾಗಲಿಲ್ಲ. ಉಳಿದವರನ್ನು ವಿಚಾರಿಸಿ ಖಚಿತಪಡಿಸಿಕೊಂಡರು, ಬಿಟ್ಟುಹೋದ ಎರಡು ರಕ್‌ಅತ್ ಪೂರ್ತಿಗೊಳಿಸಿದರು, ಮರೆವಿನ ಎರಡು ಸಜ್ದಾ ಮಾಡಿದರು.

ಈ ಸಜ್ದಾ ಸಹ್ವ್‌ನಲ್ಲಿ ನಮ್ಮ ದುಡಿಮೆಗೆ ದೊಡ್ಡ ಪಾಠವಿದೆ. ಮರೆವು ಮನುಷ್ಯನ ಗುಣವೆಂದು ಶರೀಅತ್ ಒಪ್ಪಿದೆ. ಆದರೆ ಮರೆತದ್ದು ತಿಳಿದ ಮೇಲೆ ಏನೂ ಆಗಿಲ್ಲವೆಂಬಂತೆ ಮುಂದೆ ಸಾಗಲು ಬಿಟ್ಟಿಲ್ಲ. ಇಲ್ಲಿ ಮೂರು ಹೆಜ್ಜೆಗಳಿವೆ. ಎಚ್ಚರಿಸಿದವನ ಮಾತು ಕೇಳುವುದು, ಕೊರತೆಯನ್ನು ತುಂಬುವುದು, ತಲೆ ಬಾಗುವುದು. ತೂಕದಲ್ಲಿ ಕಡಿಮೆ ಬಿತ್ತೆಂದು ಗೊತ್ತಾದಾಗ ಗಿರಾಕಿಯನ್ನು ಕೂಗಿ ಕರೆದು ಉಳಿದದ್ದನ್ನು ಹಾಕಿಕೊಡುವುದು ಅಂಗಡಿಯವನ ಸಜ್ದಾ ಸಹ್ವ್. ತೋಳಿನ ಅಳತೆ ತಪ್ಪಿದೆಯೆಂದು ಕಂಡಾಗ ಬಿಚ್ಚಿ ಹೊಲಿಯುವುದು ದರ್ಜಿಯ ಸಜ್ದಾ ಸಹ್ವ್. ಕಿರಿಯ ಕೆಲಸಗಾರ ‘ಅಣ್ಣಾ, ಇದು ಸರಿಯಾಗಿಲ್ಲ ನೋಡಿ’ ಎಂದಾಗ ಅವನ ಬಾಯಿ ಮುಚ್ಚಿಸದಿರುವುದು ಮೇಸ್ತ್ರಿಯ ಸಜ್ದಾ ಸಹ್ವ್. ತಪ್ಪೇ ಆಗದಂಥ ಕೆಲಸಗಾರ ಲೋಕದಲ್ಲಿಲ್ಲ. ತಪ್ಪನ್ನು ತಿದ್ದುವ ದಾರಿ ತೆರೆದಿಟ್ಟುಕೊಂಡವನು ಮತ್ತು ಮುಚ್ಚಿಕೊಂಡವನು - ಈ ಎರಡು ಬಗೆಯವರು ಮಾತ್ರ ಇದ್ದಾರೆ.

ತನ್ಮಯತೆಯೂ ಕಿವುಡಾಗಬಾರದು

ಮನಸ್ಸಿನ ಹಾಜರಿಯೆಂದರೆ ಸುತ್ತಲಿನದೆಲ್ಲವನ್ನೂ ಮರೆತು ಒಂದರಲ್ಲೇ ಮುಳುಗುವುದೆಂದು ಹಲವರು ತಿಳಿದಿದ್ದಾರೆ. ಪ್ರವಾದಿ(ಸ)ಯವರ ನಮಾಝ್ ಬೇರೆಯದನ್ನು ಕಲಿಸುತ್ತದೆ. ಅವರಿಗಿಂತ ಹೆಚ್ಚು ಭಯಭಕ್ತಿಯಿಂದ ನಮಾಝ್ ಮಾಡಿದವರು ಯಾರೂ ಇಲ್ಲ. ಆದರೂ ದೀರ್ಘವಾಗಿ ಮಾಡಬೇಕೆಂದು ನಿಂತ ನಮಾಝನ್ನು, ಹಿಂದೆ ಮಗುವೊಂದು ಅಳುವುದು ಕೇಳಿ, ಅದರ ತಾಯಿಗೆ ಕಷ್ಟವಾಗದಿರಲೆಂದು ಅವರು ಚುಟುಕುಗೊಳಿಸುತ್ತಿದ್ದರು. ಇದು ಬುಖಾರಿಯಲ್ಲಿದೆ. ಅಲ್ಲಾಹನ ಮುಂದೆ ಪೂರ್ತಿ ಹಾಜರಿದ್ದ ಹೃದಯಕ್ಕೆ ಅವನ ದಾಸಿಯ ಸಂಕಟವೂ ಕೇಳಿಸುತ್ತಿತ್ತು. ಕಣ್ಣಿಲ್ಲದವನೊಬ್ಬ ಬಾವಿಗೆ ಬೀಳುವುದರಲ್ಲಿದ್ದರೆ ನಮಾಝ್ ಮುರಿದಾದರೂ ಅವನನ್ನು ಉಳಿಸಬೇಕೆಂದು ನಮ್ಮ ಫಿಕ್ಹ್ ಗ್ರಂಥಗಳು ವಿಧಿಸಿವೆ. ಮುರಿದ ನಮಾಝನ್ನು ಮತ್ತೆ ಮಾಡಬಹುದು, ಹೋದ ಪ್ರಾಣವನ್ನು ತರಲಾಗದು.

ಕನ್ನಡ ನಾಡಿನ ಪರಂಪರೆಯಲ್ಲೂ ಈ ವಿಷಯದ ಬಗ್ಗೆ ಆಳವಾದ ಚಿಂತನೆ ನಡೆದಿದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಜೀವಿಸುತ್ತಿದ್ದ ಆಯ್ದಕ್ಕಿ ಮಾರಯ್ಯ ಕಾಯಕದಲ್ಲಿ ಎಷ್ಟು ನಿಷ್ಠೆಯಿಟ್ಟವನೆಂದರೆ, ಪೂಜೆ ಹಿಂದೆ ಸರಿದರೂ ಸರಿಯೇ, ಕಾಯಕ ತಪ್ಪಬಾರದೆಂಬುದು ಅವನ ನಿಲುವಾಗಿತ್ತು. ಅಂಥವನೇ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಎಚ್ಚರಿಸಿದವಳು ಪತ್ನಿ ಲಕ್ಕಮ್ಮ. ದುಡಿಮೆಯಲ್ಲಿ ಮುಳುಗಿದವನಿಗೂ ತಾನು ಯಾಕೆ ದುಡಿಯುತ್ತಿದ್ದೇನೆಂಬುದು ಮರೆತುಹೋಗಬಹುದು ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಇಸ್ಲಾಮ್ ಆರಾಧನೆಯನ್ನು ಕೆಲಸದೊಳಗೆ ಕರಗಿಸಿಬಿಡುವುದಿಲ್ಲ. ಕೆಲಸವನ್ನು ಆರಾಧನೆಗಾಗಿ ತೊರೆಯಲೂ ಹೇಳುವುದಿಲ್ಲ. ‘ಅಲ್ ಜುಮುಅ’ ಅಧ್ಯಾಯದ 9 ಮತ್ತು 10ನೆಯ ಸೂಕ್ತಗಳು ಜುಮಾದ ಕರೆ ಕೇಳಿದಾಗ ವ್ಯಾಪಾರ ನಿಲ್ಲಿಸಿ ಧಾವಿಸಬೇಕೆನ್ನುತ್ತವೆ. ನಮಾಝ್ ಮುಗಿದಾಗ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಬೇಕು, ಆಗಲೂ ಅವನನ್ನು ಧಾರಾಳವಾಗಿ ಸ್ಮರಿಸಬೇಕು ಎನ್ನುತ್ತವೆ. ಮಸೀದಿಯಿಂದ ಹೊರಬಂದ ಮೇಲೂ ಸ್ಮರಣೆಯ ಆಜ್ಞೆ ಮುಗಿಯಲಿಲ್ಲ ಎಂಬುದನ್ನು ಗಮನಿಸಿ. ಅಝಾನ್ ಕೇಳಿ ಕೆಲಸ ನಿಲ್ಲಿಸುವವನು ಕೆಲಸವೇ ತನ್ನ ದೇವರಲ್ಲವೆಂದು ತೋರಿಸುತ್ತಾನೆ. ನಮಾಝಿನಿಂದ ಮರಳಿ ಬಂದು ತಕ್ಕಡಿಯನ್ನು ಸರಿಯಾಗಿ ಹಿಡಿಯುವವನು ತನ್ನ ದೇವರು ಮಸೀದಿಯಲ್ಲಷ್ಟೇ ಇಲ್ಲವೆಂದು ತೋರಿಸುತ್ತಾನೆ.

ಕೂಲಿ ಕಡಿಮೆಯಾದರೂ ಮನಸ್ಸು ಕೊಡಬೇಕೇ?

ದುಡಿಯುವವರು ಕೇಳುವ ಇನ್ನೊಂದು ಪ್ರಶ್ನೆಯಿದೆ. ‘ಸಾಹುಕಾರ ಕೊಡುವ ಕೂಲಿಗೆ ಮೈ ಕೊಟ್ಟದ್ದೇ ಹೆಚ್ಚು, ಮನಸ್ಸನ್ನೂ ಯಾಕೆ ಕೊಡಲಿ?’ ಈ ಮಾತಿನಲ್ಲಿರುವ ನೋವನ್ನು ತಳ್ಳಿಹಾಕಬಾರದು. ಆದರೆ ಒಪ್ಪಿ ಪಡೆದ ವೇಳೆ ಅಮಾನತ್. ದಿನಗೂಲಿಗೆ ಅಥವಾ ತಿಂಗಳ ಸಂಬಳಕ್ಕೆ ಒಬ್ಬನಲ್ಲಿ ನೇಮಕಗೊಂಡವನನ್ನು ಫಿಕ್ಹ್‌ನಲ್ಲಿ ‘ಅಜೀರೆ ಖಾಸ್’ ಎನ್ನುತ್ತಾರೆ. ಅವನು ಕೆಲಸದ ವೇಳೆಯಲ್ಲಿ ಫರ್ಝ್ ನಮಾಝನ್ನು ಖಂಡಿತ ನಿರ್ವಹಿಸಬೇಕು. ಆದರೆ ಮಾಲಿಕನ ಅನುಮತಿಯಿಲ್ಲದೆ ನಫಿಲ್ ನಮಾಝಿನಲ್ಲಿ ಕಾಲ ಕಳೆಯಬಾರದೆಂದು ಹನಫೀ ವಿದ್ವಾಂಸರು ಹೇಳಿದ್ದಾರೆ. ನಫಿಲ್ ನಮಾಝಿಗೇ ಇಲ್ಲದ ಅವಕಾಶ ವಾಟ್ಸಾಪಿಗೆ ಎಲ್ಲಿಂದ ಬಂದೀತು? ಕೂಲಿ ಸಾಲದಿದ್ದರೆ ಬಾಯಿಬಿಟ್ಟು ಕೇಳುವುದು, ಒಗ್ಗೂಡಿ ಕೇಳುವುದು, ಕೊಡದಿದ್ದರೆ ಬಿಡುವುದು ದುಡಿಯುವವನ ಹಕ್ಕು. ಆದರೆ ಮಾಲಿಕನ ಮೇಲಿನ ಸಿಟ್ಟನ್ನು ಸಡಿಲ ನಟ್ಟಿನಲ್ಲಿ, ಅರೆಬೆಂದ ಇಟ್ಟಿಗೆಯಲ್ಲಿ ತೀರಿಸಿಕೊಂಡರೆ ಪೆಟ್ಟು ಬೀಳುವುದು ಮಾಲಿಕನಿಗಲ್ಲ, ಯಾರೋ ಮೂರನೆಯವನಿಗೆ.

ಮಾಲಿಕರಿಗೂ ಮಾತಿದೆ, ಅದು ಇನ್ನೂ ಕಟುವಾದದ್ದು. ಮನಸ್ಸಿನ ಹಾಜರಿಯನ್ನು ಹೊಟ್ಟೆ ಹಸಿದವನಿಂದ, ನಿದ್ದೆಗೆಟ್ಟವನಿಂದ ಪಡೆಯಲಾಗದು. ನ್ಯಾಯಾಧೀಶನು ಸಿಟ್ಟಿನಲ್ಲಿರುವಾಗ ತೀರ್ಪು ಕೊಡಬಾರದೆಂದು ಪ್ರವಾದಿ(ಸ)ಯವರು ತಡೆದರು. ಹಸಿವು, ಬಾಯಾರಿಕೆ, ತೂಕಡಿಕೆಗಳಿಗೂ ಇದೇ ವಿಧಿ ಅನ್ವಯಿಸುತ್ತದೆಂದು ವಿದ್ವಾಂಸರು ವಿವರಿಸಿದರು. ಊಟ ಬಡಿಸಿಟ್ಟಿರುವಾಗ, ಮಲಮೂತ್ರ ತಡೆದುಕೊಂಡಿರುವಾಗ ನಮಾಝಿಗೆ ನಿಲ್ಲಬಾರದೆಂಬ ಹದೀಸ್ ಇದೆ. ನಮಾಝಿನಲ್ಲಿ ತೂಕಡಿಕೆ ಬಂದರೆ ಮಲಗಿ ಎದ್ದು ಮಾಡಿರೆಂಬ ಹದೀಸೂ ಇದೆ. ಅಲ್ಲಾಹನು ತನ್ನ ಮುಂದೆ ನಿಲ್ಲುವವನಿಗೆ ಕೊಟ್ಟ ಬಿಡುವನ್ನು, ಲಾರಿ ಡ್ರೈವರನಿಗೆ ಕೊಡಲು ಹಿಂಜರಿಯುವ ಮಾಲಿಕನು ತನ್ನನ್ನು ಯಾರೆಂದು ತಿಳಿದಿದ್ದಾನೆ? ಕೈಕೆಳಗಿನವರು ನಿಮ್ಮ ಸಹೋದರರು, ಅವರ ಶಕ್ತಿಗೆ ಮೀರಿದ್ದನ್ನು ಹೊರಿಸಬೇಡಿ, ಹೊರಿಸಿದರೆ ನೀವೂ ಹೆಗಲು ಕೊಡಿ ಎಂಬುದು ಅಬೂದರ್ರ್(ರ)ರು ವರದಿ ಮಾಡಿದ ಪ್ರವಾದಿವಚನದ ಸಾರ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸ್ ಎಚ್ಚರಿಸಿದೆ.

ಕಂಪೆನಿಗಳ ಮೈಂಡ್‌ಫುಲ್‌ನೆಸ್ ತರಬೇತಿಯ ಬಗ್ಗೆ ಅಮೆರಿಕದ ಪ್ರಾಧ್ಯಾಪಕ ರೊನಾಲ್ಡ್ ಪರ್ಸರ್ 2019ರ ತಮ್ಮ ಪುಸ್ತಕದಲ್ಲಿ ಮಾಡಿದ ಟೀಕೆಯೂ ಇದೇ ಜಾಡಿನದು. ಒತ್ತಡ ಹುಟ್ಟಿಸುವ ವ್ಯವಸ್ಥೆಯನ್ನು ಹಾಗೆಯೇ ಬಿಟ್ಟು, ಅದನ್ನು ಸಹಿಸುವ ಹೊಣೆಯನ್ನು ನೌಕರನ ಮನಸ್ಸಿನ ಮೇಲೆ ಹೊರಿಸಲಾಗುತ್ತಿದೆ ಎಂಬುದು ಅವರ ಆಕ್ಷೇಪ. ಅವರು ಸ್ವತಃ ಬೌದ್ಧ ಸಾಧಕರು. ಇಸ್ಲಾಮಿನ ತಕ್ಕಡಿಯಲ್ಲಿ ಎರಡೂ ತಟ್ಟೆಗಳಿವೆ. ದುಡಿಯುವವನು ಮನಸ್ಸು ಕೊಡಬೇಕು, ದುಡಿಸುವವನು ಮನಸ್ಸು ನಿಲ್ಲುವಂಥ ಪರಿಸ್ಥಿತಿ ಕೊಡಬೇಕು.

ಪಾಲುದಾರನೊಂದಿಗೆ ಲೆಕ್ಕ

ಇದನ್ನು ರೂಢಿಸಿಕೊಳ್ಳುವುದು ಹೇಗೆ? ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿ(ರ)ಯವರು ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ಇದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾರೆ. ಅವರು ಕೊಡುವ ಹೋಲಿಕೆ ವ್ಯಾಪಾರದ್ದು. ನಿನ್ನ ನಫ್ಸ್ ನಿನ್ನ ಬಂಡವಾಳ ಹಿಡಿದ ಪಾಲುದಾರನಿದ್ದಂತೆ. ಮೊದಲು ಅವನೊಂದಿಗೆ ಕರಾರು ಮಾಡಿಕೋ. ಅದು ಮುಶಾರತ. ಆಮೇಲೆ ಅವನ ಮೇಲೆ ಕಣ್ಣಿಟ್ಟಿರು. ಅದು ಮುರಾಕಬ. ಕೊನೆಗೆ ಲೆಕ್ಕ ಕೇಳು. ಅದು ಮುಹಾಸಬ. ಬಂಡವಾಳ ಯಾವುದು? ಆಯುಷ್ಯ.

ಗೋವಿನಕೋವಿಯ ಒಬ್ಬ ದುಡಿಮೆಗಾರನ ದಿನದಲ್ಲಿ ಇದು ಕಷ್ಟವೇನಲ್ಲ. ಫಜ್ರ್‌ನ ನಂತರ ಎರಡು ನಿಮಿಷ ಕುಳಿತು, ಇಂದು ನನ್ನ ಕೈಯಿಂದ ಹೋಗುವ ಕೆಲಸ ಯಾರನ್ನು ಮುಟ್ಟುತ್ತದೆ ಎಂದು ನೆನೆಯಿರಿ. ಬಟ್ಟೆ ತೊಡುವ ಮಗು, ಗಾಡಿ ಹತ್ತುವ ತಾಯಿ, ಗೋಡೆಯ ಕೆಳಗೆ ಮಲಗುವ ಸಂಸಾರ. ಕೆಲಸಕ್ಕೆ ಕೈ ಹಾಕುವಾಗ ಬಿಸ್ಮಿಲ್ಲಾ ಎನ್ನುವ ರೂಢಿ ನಮಗಿದೆ, ಅದನ್ನು ನಾಲಿಗೆಯಿಂದ ಹೃದಯಕ್ಕೆ ಇಳಿಸಿ. ಕೆಲಸ ಮುಗಿಯುವವರೆಗೆ ಮೊಬೈಲನ್ನು ಕಣ್ಣಿಗೆ ಬೀಳದ ಜಾಗದಲ್ಲಿಡಿ. ಝುಹರ್ ಮತ್ತು ಅಸರ್‌ನ ಕರೆಗಳು ದಣಿದ ಮನಸ್ಸನ್ನು ಮರಳಿ ಕರೆತರಲು ಅಲ್ಲಾಹನೇ ಇಟ್ಟ ನಿಲ್ದಾಣಗಳು. ನಮಾಝಿನಿಂದ ಬಂದವನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಒಮ್ಮೆ ಹೊಸ ಕಣ್ಣಿನಿಂದ ನೋಡಿದರೆ ಎಷ್ಟೋ ತಪ್ಪುಗಳು ಅಲ್ಲಿಯೇ ಸಿಗುತ್ತವೆ. ಇಶಾದ ನಂತರ ಲೆಕ್ಕ ನೋಡಿ. ಯಾರಿಗಾದರೂ ಕಡಿಮೆ ಬಿತ್ತೇ? ಬಿದ್ದಿದ್ದರೆ ನಾಳೆ ತುಂಬಿಕೊಡಲು ಈಗಲೇ ನಿಶ್ಚಯಿಸಿ.

ಸಹೋದರ ಸಹೋದರಿಯರೇ, ನಮ್ಮ ಹೆಸರು ಎಷ್ಟೋ ಹಾಜರಿ ಪುಸ್ತಕಗಳಲ್ಲಿ ದಾಖಲಾಗಿದೆ. ಆ ಪುಸ್ತಕಗಳು ನಾವು ಬಂದದ್ದನ್ನು ಬರೆದುಕೊಳ್ಳುತ್ತವೆ, ನಾವು ಅಲ್ಲಿದ್ದೆವೋ ಇಲ್ಲವೋ ಎಂಬುದನ್ನು ಬರೆದುಕೊಳ್ಳಲಾರವು. ಅದನ್ನು ಬರೆಯುವ ಗ್ರಂಥ ಬೇರೆಯೇ ಇದೆ. ಅದು ತೆರೆಯುವ ದಿನ ಕವಚದ ಪ್ರತಿಯೊಂದು ಕೊಂಡಿಯೂ ತಾನು ಬಿಗಿಯಾಗಿದ್ದೆನೋ ಸಡಿಲವಾಗಿದ್ದೆನೋ ಎಂಬುದನ್ನು ಹೇಳಲಿದೆ. ಸರ್ವಶಕ್ತನಾದ ಅಲ್ಲಾಹನು ನಮ್ಮ ನಮಾಝಿನಲ್ಲೂ ನಮ್ಮ ದುಡಿಮೆಯಲ್ಲೂ ಹೃದಯದ ಹಾಜರಿಯನ್ನು ದಯಪಾಲಿಸಲಿ, ನಮ್ಮ ಕೈಯಿಂದ ಯಾರ ಹಕ್ಕೂ ನಷ್ಟವಾಗದಂತೆ ಕಾಪಾಡಲಿ. ಆಮೀನ್.